ಹರಿಗೋಲಿನ ಮೂಕಪ್ಪ ನುಡಿದ ಸಾಕ್ಷಿ

ಕಂಪ್ಲಿ ಕೋಟೆಯಿಂದ ಹೊಳೆಗೆ ಇಳಿಯುವ ದಾರಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಯಜಮಾನರು ಸರಕು ತರಲು ಹೊಸಪೇಟೆಗೆ ಹೋದಾಗ ಗಲ್ಲಾದ ಮುಂದೆ ಕೂರುವವಳು ನಾನು, ಕೊಟ್ರಬಸಮ್ಮ. ಅವರು ವಾರದಲ್ಲಿ ಬಹುಪಾಲು ಹೊಸಪೇಟೆಯಲ್ಲೇ ಇರುವುದರಿಂದ ಅಂಗಡಿ ನನ್ನದೇ ಎಂದರೂ ನಡೆಯುತ್ತದೆ. ಅಲ್ಲಿ ಕೂತರೆ ತುಂಗಭದ್ರೆ ಪೂರ್ತಿ ಕಾಣುತ್ತಾಳೆ. ಈ ದಂಡೆ ಮದರಾಸು ಸರ್ಕಾರದ್ದು, ಆ ದಂಡೆ ನಿಜಾಮನದು. ಎರಡು ಸರ್ಕಾರಗಳ ನಡುವೆ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದವನು ಅಂಬಿಗರ ಮೂಕಪ್ಪ. ಆ ಹೆಸರಿಟ್ಟವರು, ಪಾಪ, ಅವನ ಬಾಯಿ ನೋಡಿರಲಿಲ್ಲ.

ಅವನು ತೀರಿಕೊಂಡು ಕೆಲವು ವರ್ಷಗಳಾದವು. ಊರಿನವರು ಅವನ ಕಥೆಯನ್ನು ತಮಗೆ ತೋಚಿದಂತೆ ಹೇಳುತ್ತಾರೆ. ಅವನ ಹೆಂಡತಿ ಯಲ್ಲಕ್ಕನೇ ಮೊನ್ನೆ ನನ್ನ ಹತ್ತಿರ ಬಂದು, "ನೀ ನಾಕನೇ ಇಯತ್ತೆ ಓದೀಯಲ್ಲ ಬಸಮ್ಮಕ್ಕ, ಬರಿ. ಹೆಂಗೂ ಎಲ್ಲಾರಿಗೂ ಗೊತ್ತಾಗೈತಿ. ಬರಿಯೋದಾದ್ರ ಸರಿಯಾಗಿ ಬರಿ" ಅಂದಳು. ಅವಳ ಅಪ್ಪಣೆ ಇರದಿದ್ದರೆ ನಾನು ಒಂದಕ್ಷರ ಬರೆಯುತ್ತಿರಲಿಲ್ಲ. ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ.

ಮೂಕಪ್ಪನಿಗೆ ಕುಡಿತ. ಆ ದಂಡೆಯ ಈಚಲ ಬನದಲ್ಲಿ ಒಂದು ಸೇಂದಿ ಅಂಗಡಿ ಇತ್ತು. ಬೆಳಿಗ್ಗೆ ಮೊದಲ ಮಂದಿಯನ್ನು ಆ ಕಡೆ ಬಿಟ್ಟನೆಂದರೆ ಹರಿಗೋಲು ಈ ಕಡೆ ಬರುತ್ತದೆಂಬ ಭರವಸೆ ಇಲ್ಲ. ಜನ ಇಲ್ಲಿ ನಿಂತು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರು. ಕೊನೆಗೆ ಯಲ್ಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾವನ ಕಾಲದ ಹಳೆಯ ಹರಿಗೋಲನ್ನು ನೀರಿಗೆ ಇಳಿಸಿ, ತಾನೇ ಹುಟ್ಟು ಹಾಕಿದಳು. ಹೆಂಗಸೊಬ್ಬಳು ಹುಟ್ಟು ಹಿಡಿದದ್ದನ್ನು ಅಂಬಿಗರ ಓಣಿ ಅದುವರೆಗೆ ಕಂಡಿರಲಿಲ್ಲ. ಓಣಿಯವರು ಮೂಗು ಮುರಿದರು. ಅವಳ ಒಲೆ ಹಚ್ಚುವುದಕ್ಕೆ ಮಾತ್ರ ಯಾರೂ ಬರಲಿಲ್ಲ. ಅವಳ ಬಗಲಲ್ಲಿ ಆಗ ಒಂದು ಗಂಡು ಕೂಸು ಇತ್ತು. ಅದೊಂದು ಮಳೆಗಾಲದಲ್ಲಿ ತೀರಿಕೊಂಡಿತು. ಬಾಲಗ್ರಹ ಎಂದರು. ಮಕ್ಕಳು ಹಾಗೆ ಹೋಗುತ್ತಿದ್ದ ಕಾಲ, ನಾವೂ ಅತ್ತು ಸುಮ್ಮನಾದೆವು. ಆ ದಿನವೂ ಮೂಕಪ್ಪ ಆ ದಂಡೆಯಲ್ಲಿ ಬಿದ್ದಿದ್ದ. ಮಣ್ಣು ಮಾಡಿದ ಮೇಲೆ ಬಂದ.

ಆಗ ಊರಾಚೆ ಕ್ರಿಸ್ತರ ಪ್ರಾರ್ಥನೆ ಮನೆ ಆಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಉಪದೇಶಿ ಅಂಜಿನಯ್ಯ ಮಾದರ ಕೇರಿಯಲ್ಲೇ ಹುಟ್ಟಿ, ಓದು ಕಲಿತು, ಶಿಲುಬೆ ಹಿಡಿದವನು. ಮೂಕಪ್ಪ ಅವನನ್ನು ಬೇರೆಯವರ ಜೊತೆ ಹರಿಗೋಲಿನಲ್ಲಿ ಕೂರಿಸುತ್ತಿರಲಿಲ್ಲ. ಎಲ್ಲರೂ ದಾಟಿದ ಮೇಲೆ ಕೊನೆಯಲ್ಲಿ ಒಬ್ಬನನ್ನೇ ಕರೆದುಕೊಂಡು ಹೋಗುತ್ತಿದ್ದ, ಮನಸ್ಸು ಬಂದರೆ. ಹರಿಗೋಲು ಎಂದರೆ ಏನು? ಬಿದಿರಿನ ದೊಡ್ಡ ಬುಟ್ಟಿ, ಅದಕ್ಕೆ ಹೊದಿಸಿದ ತೊಗಲು. ಆ ತೊಗಲನ್ನು ಹದ ಮಾಡಿ ಹೊಲಿದುಕೊಟ್ಟವನು ಅಂಜಿನಯ್ಯನ ಅಪ್ಪ! ಅಪ್ಪ ಹೊಲಿದ ತೊಗಲಿನ ಮೇಲೆ ಮಗ ಕೂತರೆ ಮೈಲಿಗೆ. ನಾನು ಒಮ್ಮೆ ಇದನ್ನು ಅಂದು ಅತ್ತೆಯಿಂದ ಬೈಸಿಕೊಂಡೆ. ನಮ್ಮ ಮನೆಯೂ ಈ ವಿಷಯದಲ್ಲಿ ಏನೂ ಸಾಚಾ ಅಲ್ಲ, ಬಿಡಿ.

ಒಂದು ಬೇಸಿಗೆಯಲ್ಲಿ ಮೂಕಪ್ಪ ಈ ದಂಡೆಯ ಕಲ್ಲಿನ ಮೇಲೆ ಬಿದ್ದ. ಎರಡು ಹೊತ್ತು ಬಿಸಿಲಿನಲ್ಲೇ ಬಿದ್ದಿದ್ದ, ತಾನು ಕಾರಿಕೊಂಡದ್ದರಲ್ಲೇ. ಅವನ ಅಣ್ಣತಮ್ಮಂದಿರು ಪಕ್ಕದಲ್ಲೇ ಹಾದುಹೋದರು. ಯಲ್ಲಕ್ಕ ಹುಟ್ಟು ಹಾಕುತ್ತ ನಡುನೀರಿನಲ್ಲಿದ್ದಳು. ಅಂಜಿನಯ್ಯ ಬಂದು, ಹೊಳೆಯ ನೀರಿನಿಂದ ಅವನ ಮುಖ ತೊಳೆದು, ಹೆಗಲ ಮೇಲೆ ಹಾಕಿಕೊಂಡು ತನ್ನ ಮನೆಗೆ ಒಯ್ದ. ಅಂಬಿಗರ ಓಣಿ ಅಂದೇ ಮೂಕಪ್ಪನಿಂದ ಕೈ ತೊಳೆದುಕೊಂಡಿತು.

ಕುಡಿತ ಬಿಡುವುದು ಹೇಗಿರುತ್ತದೆಂದು ಆಗ ನೋಡಿದೆವು. ಕೈಕಾಲು ನಡುಕ, ಮೈಮೇಲೆ ಇರುವೆ ಹರಿದಂತೆ ಕೆರೆದುಕೊಳ್ಳುವುದು, ಯಾರನ್ನೋ ನೋಡಿದಂತೆ ಕಿರುಚುವುದು. ಅಂಜಿನಯ್ಯ ತನ್ನ ಕೈಯಾರೆ ಅವನಿಗೆ ಅಂಬಲಿ ಕುಡಿಸಿದ. ಮೊದಲು ಮೂಕಪ್ಪ, "ನಿನ್ನ ಕೈಲಿ ಉಣ್ಣಂಗಿಲ್ಲಲೇ" ಎಂದು ತಟ್ಟೆ ಒದ್ದನಂತೆ. ಅಂಜಿನಯ್ಯ ಚೆಲ್ಲಿದ್ದನ್ನು ಬಳಿದು ಮತ್ತೆ ಕಾಸಿದನಂತೆ. ಹೀಗೆ ನಾಲ್ಕಾರು ದಿನ ನಡೆದು, ಒಂದು ಬೆಳಿಗ್ಗೆ ಮೂಕಪ್ಪ ಸುಮ್ಮನೆ ಬಾಯಿ ತೆರೆದನಂತೆ. ಅವನ ಜಾತಿ ಹೋದದ್ದು ಆಮೇಲೆ ದೀಕ್ಷಾಸ್ನಾನ ಕೊಟ್ಟ ದಿನ ಅಲ್ಲ, ಆ ಬೆಳಿಗ್ಗೆ ಎಂದು ನನ್ನ ಲೆಕ್ಕ. ಅವನಿಗೆ ಒಳ್ಳೆಯದಾಗಲು ಶುರುವಾದದ್ದೂ ಆಗಲೇ.

ಹೊಸಪೇಟೆಯ ಪಾದ್ರಿ ಬಂದು ಹೊಳೆಯಲ್ಲಿ ಅವನಿಗೆ ದೀಕ್ಷಾಸ್ನಾನ ಕೊಟ್ಟರು. ಜೊತೆಗೆ ಯಲ್ಲಕ್ಕನಿಗೂ. ಅವಳನ್ನು ಯಾರು ಕೇಳಿದರು? ಗಂಡ ಎದ್ದು ನಿಂತನಲ್ಲ, ಅದೇ ಅವಳಿಗೆ ಸಾಕಾಗಿತ್ತು. ಅಂಜಿನಯ್ಯ ಅವನಿಗೆ ದೊಡ್ಡ ದೊಡ್ಡ ಪ್ರಾರ್ಥನೆ ಕಲಿಸಲಿಲ್ಲ. ಬೆಳಿಗ್ಗೆ ನಾನು ಅಂಗಡಿಯ ಹಲಗೆ ತೆಗೆಯುವ ಹೊತ್ತಿಗೆ ಮೂಕಪ್ಪ ಮೊಣಕಾಲುದ್ದದ ನೀರಿನಲ್ಲಿ ನಿಂತು, ಹರಿಗೋಲಿನ ಅಂಚು ಹಿಡಿದು ಹೇಳುತ್ತಿದ್ದ: "ನನ್ನ ಕೈಲಿ ಆಗಂಗಿಲ್ಲಪ್ಪ ತಂದಿ. ನೀನ ಹಿಡಿ." ಅಷ್ಟೇ. ಆಮೇಲೆ ಆ ದಂಡೆಗೆ ಹೋಗುವುದು, ಈಚಲ ಬನಕ್ಕೆ ಬೆನ್ನು ಮಾಡಿ ನಿಲ್ಲುವುದು, ತಿರುಗಿ ಬರುವುದು. ನನ್ನ ಕೊರಳಲ್ಲಿ ಲಿಂಗವಿದೆ, ನನಗೆ ಬೇರೆ ದೇವರ ಉಸಾಬರಿ ಬೇಡ. ಆದರೆ ಆ ಮಾತು ಕೇಳಿದಾಗಲೆಲ್ಲ ನನ್ನ ಕೈ ಹಲಗೆಯ ಮೇಲೆ ನಿಲ್ಲುತ್ತಿತ್ತು.

ಇನ್ನೊಂದು ಸಂಗತಿ ಹೇಳಬೇಕು. ಅವರ ಕರ್ತನ ಭೋಜನದಲ್ಲಿ ಒಂದು ಬಟ್ಟಲು ದ್ರಾಕ್ಷಾರಸವನ್ನು ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತಾರೆ. ಅದು ಹುಳಿ ಬಂದ ರಸ, ನಶೆಯ ಪದಾರ್ಥವೇ. ಅಂಜಿನಯ್ಯ ಪಾದ್ರಿಯ ಹತ್ತಿರ ಹೋಗಿ ಬೇಡಿಕೊಂಡ. ಅಂದಿನಿಂದ ಕಂಪ್ಲಿಯ ಪ್ರಾರ್ಥನೆ ಮನೆಯಲ್ಲಿ ಒಣದ್ರಾಕ್ಷಿ ನೆನೆಸಿ ಹಿಂಡಿದ ನೀರು. ಒಬ್ಬ ಕುಡುಕನ ಸಲುವಾಗಿ ಇಡೀ ಸಭೆ ತನ್ನ ಬಟ್ಟಲು ಬದಲಿಸಿತು. ಆ ಒಣದ್ರಾಕ್ಷಿ ಹೋಗುತ್ತಿದ್ದುದು ನಮ್ಮ ಅಂಗಡಿಯಿಂದ, ಅದಕ್ಕೇ ನನಗೆ ಗೊತ್ತು.

ಆ ಒಂದೆರಡು ವರ್ಷ ಯಲ್ಲಕ್ಕ ನಕ್ಕದ್ದನ್ನು ನಾನು ಕಂಡಿದ್ದೇನೆ. ತಲೆಗೆ ಎಣ್ಣೆ ಬಿತ್ತು. ಸಂಜೆ ಇಬ್ಬರೂ ಹರಿಗೋಲನ್ನು ಬೋರಲು ಹಾಕಿ, ಅದರ ನೆರಳಿನಲ್ಲಿ ಕೂತು ಮಾತಾಡುತ್ತಿದ್ದರು. ಗಂಡಹೆಂಡಿರಿಗೆ ಮಾತಾಡಲು ಅಷ್ಟು ಏನಿರುತ್ತದೆ ಎಂದು ನಾನು ಅವಳನ್ನು ಕಾಡಿಸುತ್ತಿದ್ದೆ. "ಇಷ್ಟು ವರ್ಷದ ಬಾಕಿ ಐತೆಕ್ಕ" ಎನ್ನುತ್ತಿದ್ದಳು.

ಆಮೇಲೆ ಸಾಕ್ಷಿ ಶುರುವಾಯಿತು. ಅವರಲ್ಲಿ ಒಂದು ಪದ್ಧತಿ. ಕೂಟದಲ್ಲಿ ಎದ್ದು ನಿಂತು, ನಾನು ಹೀಗಿದ್ದೆ, ದೇವರು ನನ್ನನ್ನು ಹೀಗೆ ಮಾಡಿದ ಎಂದು ಎಲ್ಲರೆದುರು ಹೇಳಿಕೊಳ್ಳುವುದು. ಮೂಕಪ್ಪ ಮೊದಲ ಸಲ ಹೇಳಿದಾಗ ಮೂರು ಮಾತು ಆಡಿ ಅತ್ತು ಕೂತನಂತೆ. ಕೇಳಿದವರೂ ಅತ್ತರಂತೆ. ಎರಡನೆಯ ಸಲ ಹತ್ತು ಮಾತಾಯಿತು. ಅವನಿಗೆ ಒಳ್ಳೆಯ ದನಿ. ದಂಡೆಯಿಂದ ದಂಡೆಗೆ ಕೂಗಿ ಪಳಗಿದ ದನಿ. ಹೊಸಪೇಟೆಯವರು ಕರೆದರು. ಸಂಡೂರಿನ ಗಣಿಯ ಕೂಲಿಗಳಿಗೆ ಹೇಳಲು ಬಂಡಿ ಕಟ್ಟಿಸಿ ಕರೆದೊಯ್ದರು. ಹಂಪಿಗೆ ಬರುವ ದೊರೆಗಳ ಡೇರೆಯ ಮುಂದೂ ಒಮ್ಮೆ ಹೇಳಿ ಬಂದನಂತೆ. ತಾನು ಹೆಂಡತಿಗೆ ಹೊಡೆದದ್ದು, ಅವಳ ಕಾಲುಂಗುರ ಮಾರಿದ್ದು, ಅವಳು ಹಸಿದು ಮಲಗಿದ್ದು, ಒಂದೂ ಬಿಡದೆ ಹೇಳುತ್ತಿದ್ದ. ಯಲ್ಲಕ್ಕ ಹೆಂಗಸರ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿರುತ್ತಿದ್ದಳು. ಜನ ಅವಳ ಕಾಲ್ಬೆರಳು ನೋಡುತ್ತಿದ್ದರು, ಕಾಲುಂಗುರ ಇದೆಯೋ ಇಲ್ಲವೋ ಎಂದು.

ಬೆಳಗಿನ ಆ ಪ್ರಾರ್ಥನೆ ಯಾವಾಗ ನಿಂತಿತೋ ನನಗೆ ನೆನಪಿಲ್ಲ. ಒಂದು ದಿನ ಹಲಗೆ ತೆಗೆಯುವಾಗ ಅದು ಕೇಳಿಸುತ್ತಿಲ್ಲ ಎನ್ನುವುದು ಗಮನಕ್ಕೆ ಬಂತು. ಮೂಕಪ್ಪ ಶುಭ್ರ ಅಂಗಿ ತೊಟ್ಟು, ನೀರಿಗೆ ಇಳಿಯದೆ ಕಲ್ಲಿನ ಮೇಲಿಂದಲೇ ಹರಿಗೋಲಿಗೆ ಹಾರಿಕೊಳ್ಳುತ್ತಿದ್ದ. ದಂಡೆಯಲ್ಲಿ ಕುಡುಕನೊಬ್ಬ ಸಿಕ್ಕರೆ, "ನನ್ನ ನೋಡಿ ಕಲ್ತ್ಕಾಲೇ, ನಾ ಬಿಟ್ಟಿಲ್ಲೇನು?" ಎಂದು ಗದರಿಸುತ್ತಿದ್ದ. ಅಂಜಿನಯ್ಯ ಒಮ್ಮೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾಗಲೇ ಅವನಿಗೆ ಹೇಳಿದ: "ಮೂಕಪ್ಪಣ್ಣ, ಸೇಂದಿ ಬಿಟ್ಟಿ, ಭಾಳ ಛಲೋ ಆತು. ಈಗ ಮಂದಿ ಮುಂದ ನಿಂದ್ರೋದು ಹಿಡದಿ. ಅದೂ ಏರ್ತೈತಿ, ನೋಡ್ಕೋ." ಮೂಕಪ್ಪ ನಕ್ಕ. "ನಿಮಗ ಹೊಟ್ಟೆಕಿಚ್ಚು ಅಯ್ನೋರ" ಅಂದ. ಅಂಜಿನಯ್ಯ ಒಣದ್ರಾಕ್ಷಿಯ ಪೊಟ್ಟಣ ಹಿಡಿದು ಎದ್ದು ಹೋದ.

ಆ ವರ್ಷ ಹೊಸಪೇಟೆಯಲ್ಲಿ ಅವರ ದೊಡ್ಡ ಕೂಟ. ನನ್ನ ತವರು ಹೊಸಪೇಟೆಯೇ. ಮೂಕಪ್ಪ ಮೊದಲೇ ಹೋಗಿದ್ದ. ಒಬ್ಬಳೇ ಹೋಗಲಾರೆ, ಜೊತೆಗೆ ಬಾ ಎಂದು ಯಲ್ಲಕ್ಕ ಗೋಗರೆದದ್ದಕ್ಕೆ ಒಂದೇ ಬಂಡಿಯಲ್ಲಿ ಹೋದೆವು. ಪ್ರಾರ್ಥನೆ ಮನೆಯ ಹಿತ್ತಿಲಲ್ಲಿ ಹುಣಸೆಮರಗಳ ಕೆಳಗೆ ಜಮಖಾನೆ ಹಾಸಿದ್ದರು. ಬಳ್ಳಾರಿಯಿಂದ, ಸಂಡೂರಿನಿಂದ, ಮರಿಯಮ್ಮನಹಳ್ಳಿಯಿಂದ ಜನ. ನಾನು ಒಳಗೆ ಹೋಗದೆ ಮೋಟುಗೋಡೆಯ ಈಚೆ ನಿಂತು ನೋಡುತ್ತಿದ್ದೆ. ಮೂಕಪ್ಪ ಎದ್ದ. ಹಳೆಯದನ್ನೆಲ್ಲ ಹೇಳಿದ. ಆದರೆ ಅದು ಅವರಿಗೆಲ್ಲ ಕೇಳಿ ಹಳತಾಗಿತ್ತು. ಹಿಂದಿನ ಸಾಲಿನವರು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಮೂಕಪ್ಪ ಅದನ್ನು ನೋಡಿದ. ನಾನೂ ಅವನು ನೋಡಿದ್ದನ್ನು ನೋಡಿದೆ. ದನಿ ಏರಿಸಿ ಅಂದ: "ನನ್ನ ಕೂಸು ಬಾಲಗ್ರಹದಿಂದ ಸಾಯಲಿಲ್ರಿ! ನಾ ಕುಡದು ಬಿದ್ದಿದ್ದೆ. ನನ್ನ ಹೇಣ್ತಿ ಹುಟ್ಟು ಹಾಕಾಕ ಹೋಗಬೇಕಾಗಿತ್ತು. ಕೂಸು ಹರಿಗೋಲಿನ್ಯಾಗ ಹರದಾಡಬಾರದಂತ ತನ್ನ ಕೈಯಾರ ಅಫೀಮು ತಿನ್ನಿಸಿ ಮಲಗಿಸಿದ್ಲು. ಅದು ಏಳಲೇ ಇಲ್ಲ!"

ಹಿಂದಿನ ಸಾಲಿನವರೆಲ್ಲ ಮುಂದಕ್ಕೆ ಬಾಗಿದರು. ಮೂಕಪ್ಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದು ಸುಳ್ಳು ನೀರು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ತನ್ನ ಪಾಪವನ್ನೇ ಹೇಳಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದ. ಮನುಷ್ಯ ತನ್ನನ್ನು ಕೆಳಗಿಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡೇ ಮೇಲೆ ಏರಿ ನಿಲ್ಲಬಹುದು. ಅಂದು ಅವನು ನಿಂತದ್ದು ಯಲ್ಲಕ್ಕನ ಮೇಲೆ.

ಸಾಸಿವೆ ಕಾಳಿನಷ್ಟು ಅಫೀಮನ್ನು ಹಾಲಿನಲ್ಲಿ ತೇಯ್ದು ಕೂಸಿಗೆ ನೆಕ್ಕಿಸುವುದು ನಮ್ಮ ಕಡೆ ಕೆಲಸಕ್ಕೆ ಹೋಗುವ ಎಲ್ಲ ತಾಯಂದಿರೂ ಮಾಡುತ್ತಿದ್ದದ್ದೇ. ಹೊಲಕ್ಕೆ ಹೋಗುವವರು ಮಾಡುತ್ತಿದ್ದರು, ಗಣಿಗೆ ಹೋಗುವವರು ಮಾಡುತ್ತಿದ್ದರು. ಅಂದು ಹೊಳೆಗೆ ಹೊಸ ನೀರು ಬಂದಿತ್ತು, ದಾಟುವ ಮಂದಿ ಹೆಚ್ಚಿದ್ದರು. ಅವಳ ಕೈ ಒಂದು ಚೂರು ಹೆಚ್ಚಾಯಿತು, ಅಷ್ಟೇ. ಅದನ್ನು ಅವಳು ನನಗೂ ಹೇಳಿರಲಿಲ್ಲ. ಗಂಡನಿಗೆ ಬುದ್ಧಿ ತಿಳಿಯಾದ ಮೇಲೆ, ಬೋರಲು ಹಾಕಿದ ಹರಿಗೋಲಿನ ನೆರಳಿನಲ್ಲಿ, ಅವನೊಬ್ಬನಿಗೆ ಹೇಳಿದ್ದಳು.

ಯಲ್ಲಕ್ಕ ಹೆಂಗಸರ ಸಾಲಿನಿಂದ ಎದ್ದಳು. ಯಾರನ್ನೂ ನೋಡಲಿಲ್ಲ. ನನ್ನ ಪಕ್ಕದಲ್ಲೇ ಗೋಡೆ ದಾಟಿ ನಡೆದಳು; ನಾನು ಹಿಂದೆ ಓಡಿದೆ. ನಮ್ಮ ತವರಿನ ಪಡಸಾಲೆಯಲ್ಲಿ ಕೂತು, ಅಮ್ಮ ಕೊಟ್ಟ ನೀರು ಕುಡಿದು ಅಂದಳು: "ಆ ಮಾತು ನಂದು ಬಸಮ್ಮಕ್ಕ. ಬ್ಯಾರೆ ಎಲ್ಲಾ ಮಾರಿ ಕುಡದಿದ್ದ. ಅದೊಂದ ನಂದಂತ ಉಳದಿತ್ತು."

ಕಂಪ್ಲಿಗೆ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಬಾವಿಯ ಹತ್ತಿರ ಹೆಂಗಸರು ತಮ್ಮ ಕೂಸುಗಳನ್ನು ಅವಳ ಕಡೆಯಿಂದ ಸೆರಗಿನಲ್ಲಿ ಮರೆಮಾಡಿಕೊಂಡರು. ದ್ಯಾಮಕ್ಕ ಎನ್ನುವವಳು, "ಕೂಸು ಕೊಂದಾಕಿ" ಅಂದೇಬಿಟ್ಟಳು. ಅವಳ ಮಗ ಅಫೀಮು ನೆಕ್ಕಿಯೇ ದೊಡ್ಡವನಾದದ್ದು ನನಗೆ ಗೊತ್ತಿಲ್ಲವೇ? ಬಾಯಿಗೆ ಬಂದಂತೆ ಬೈದೆ. ಅವಳು ಅಂದಿನಿಂದ ನಮ್ಮ ಅಂಗಡಿಗೆ ಬರುವುದು ಬಿಟ್ಟಳು, ಬರದಿದ್ದರೆ ಬಿಡಲಿ. ಯಲ್ಲಕ್ಕ ತನ್ನ ಎರಡು ಸೀರೆ ಹಿಡಿದು ನಮ್ಮ ಹಿತ್ತಿಲಿನ ಕೋಣೆಗೆ ಬಂದಳು. ಶೇಂಗಾ ಸುಲಿಯುವುದು, ಬೇಳೆ ಕೇರುವುದು ಮಾಡಿಕೊಂಡು ಇದ್ದುಬಿಟ್ಟಳು. ಗಂಡನ ಜೊತೆ ಮಾತು ನಿಂತಿತು.

ಮೂಕಪ್ಪ ಮಾರನೆಯ ದಿನವೇ ಬಂದು ಅಂಗಡಿಯ ಮುಂದೆ ನಿಂತ. "ಅಕ್ಕಾರ, ಒಂದ ಒಂದು ಮಾತು ಆಡು ಅನ್ರಿ ಆಕಿಗೆ. ನಾ ತಪ್ಪೇನು ಮಾಡೀನಿ? ನನ್ನ ಪಾಪ ಹೇಳ್ಕೊಂಡೆ."

"ನಿಂದು ಹೇಳ್ಕೋ, ಯಾರು ಬ್ಯಾಡಂದ್ರು?" ಅಂದೆ. "ಆಕಿದನ್ನ ಯಾಕ ಹೇಳಿದಿ?"

ಆ ಪ್ರಶ್ನೆ ಅವನಿಗೆ ಅದುವರೆಗೆ ಹೊಳೆದೇ ಇರಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ತಿರುಗಿ ಹೋಗಿ ಹರಿಗೋಲು ಹತ್ತಿದ. ಒಬ್ಬನೇ ಆ ದಂಡೆಗೆ ಹೋದ. ಈ ಸಲ ಈಚಲ ಬನಕ್ಕೆ ಬೆನ್ನು ಮಾಡಲಿಲ್ಲ.

ಅಂಜಿನಯ್ಯನಿಗೆ ಸುದ್ದಿ ಮುಟ್ಟಿ ಓಡಿ ಬಂದ. ದಾಟುವುದು ಹೇಗೆ? ದಾಟಿಸುವವನೇ ಆ ಕಡೆ ಕೂತಿದ್ದಾನೆ. ಯಲ್ಲಕ್ಕ ಹಿತ್ತಿಲಿನಲ್ಲಿದ್ದಳು, ಮಾವನ ಹರಿಗೋಲು ಎಂದೋ ಕೊಳೆತು ಹೋಗಿತ್ತು. ಅಂಜಿನಯ್ಯ ಕಲ್ಲಿನ ಮೇಲೆ ಕೂತೇ ಕೂತ. ಮೂಕಪ್ಪ ಬಂದದ್ದು ಮರುದಿನ ಬಿಸಿಲೇರಿದ ಮೇಲೆ, ಹುಟ್ಟು ಎಲ್ಲಿಗೋ ಹಾಕುತ್ತ, ಹರಿಗೋಲು ಗರಗರ ತಿರುಗುತ್ತ. ಅವನು ಹೀಗಾಗಲೆಂದು ನಾನೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಆದದ್ದನ್ನು ಕಣ್ಣಾರೆ ನೋಡಿದಾಗ ಗಲ್ಲಾ ಬಿಟ್ಟು ದಂಡೆಗೆ ಇಳಿದೆ. ಅಂಜಿನಯ್ಯ ನೀರಿಗಿಳಿದು ಹರಿಗೋಲು ಹಿಡಿದ. ಬೈಯಲಿಲ್ಲ. ಮತ್ತೆ ಹೊಳೆಯ ನೀರಿನಿಂದಲೇ ಮುಖ ತೊಳೆದ. ಮೂಕಪ್ಪ ಅವನ ಕಾಲು ಹಿಡಿದುಕೊಂಡು, "ನನ್ನ ಕೈಲಿ ಆಗಂಗಿಲ್ರಿ ಅಯ್ನೋರ, ಆಗಂಗಿಲ್ಲ" ಎಂದು ಅತ್ತ. "ಗೊತ್ತೈತೋ ಅಣ್ಣ" ಅಂದ ಅಂಜಿನಯ್ಯ. "ಅಲ್ಲಿಂದನ ಶುರು ಮಾಡೂಣು."

ಪಾದ್ರಿ ಅವನನ್ನು ಕೆಲವು ತಿಂಗಳು ಕರ್ತನ ಭೋಜನದ ಬಟ್ಟಲಿನಿಂದ ದೂರ ಇಟ್ಟರು. ಸಂಡೂರು, ಹೊಸಪೇಟೆ ಎಲ್ಲ ಕಡೆ ಮೂಕಪ್ಪ ಬಿದ್ದನೆಂಬ ಸುದ್ದಿ. ಅವನು ಪ್ರಾರ್ಥನೆ ಮನೆಯ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದಲ್ಲಿ ಕೂರತೊಡಗಿದ. ಆಮೇಲೆ ಅವರು ಒಳಗೆ ಕರೆದರೂ ಅಲ್ಲಿಂದ ಏಳಲಿಲ್ಲ. ಸೇಂದಿ ಮತ್ತೆ ಮುಟ್ಟಲಿಲ್ಲ. ಸಾಕ್ಷಿಯನ್ನೂ ಮುಟ್ಟಲಿಲ್ಲ. ಗೊತ್ತಿಲ್ಲದ ದೂರದ ಊರಿನವರು ಹುಡುಕಿಕೊಂಡು ಬಂದು ನಿಮ್ಮ ಸಾಕ್ಷಿ ಹೇಳಬೇಕು ಎಂದರೆ, "ನಾ ಅಂಬಿಗರಿ. ದಾಟೋದಿದ್ರ ಕುಂದ್ರಿ" ಎನ್ನುತ್ತಿದ್ದ. ಹರಿಗೋಲಿನಲ್ಲಿ ಮಾದರ ಕೇರಿಯವರನ್ನು ಮೊದಲು ಕೂರಿಸುತ್ತಿದ್ದ. ಬೇಕಾದವರು ಬರಲಿ, ಬೇಡವಾದವರು ನಿಲ್ಲಲಿ. ಬೆಳಿಗ್ಗೆ ನಾನು ಹಲಗೆ ತೆಗೆಯುವಾಗ ಆ ಹಳೆಯ ಮಾತು ಮತ್ತೆ ಕೇಳತೊಡಗಿತು.

ಆ ಮಾತು ಮುಗಿದ ಮೇಲೆ ಅವನು ಒಂದು ಕೊಡ ಹೊಳೆಯ ನೀರು ತುಂಬಿ, ನಮ್ಮ ಹಿತ್ತಿಲಿನ ಬಾಗಿಲಿಗೆ ಇಟ್ಟು ಹೋಗುತ್ತಿದ್ದ. ಬಾವಿಗೆ ಹೋದರೆ ಹೆಂಗಸರು ಯಲ್ಲಕ್ಕನನ್ನು ನೋಡುತ್ತಾರಲ್ಲ, ಅದಕ್ಕೆ. ಬಾಗಿಲು ಬಡಿಯುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ. ಯಲ್ಲಕ್ಕ ಆ ನೀರನ್ನು ಎತ್ತಿ ನುಗ್ಗೆ ಗಿಡಕ್ಕೆ ಸುರಿಯುತ್ತಿದ್ದಳು. ವರ್ಷಗಟ್ಟಲೆ ಹೀಗೆಯೇ. ನುಗ್ಗೆ ಮಾತ್ರ ಮಸ್ತಾಗಿ ಬಂತು, ಓಣಿಗೆಲ್ಲ ಹಂಚಿದೆವು. ಒಂದು ದಿನ ನೋಡುತ್ತೇನೆ, ಅವಳು ಆ ಕೊಡದ ನೀರನ್ನು ಬಟ್ಟೆಯಲ್ಲಿ ಸೋಸಿ, ತಾನು ಕುಡಿಯುವ ಗಡಿಗೆಗೆ ಹಾಕುತ್ತಿದ್ದಾಳೆ. ನಾನು ನೋಡಿದ್ದು ತಿಳಿದು, "ಅವರಿಗೆ ಹೇಳಬ್ಯಾಡ" ಅಂದಳು. ನಾನು ಹೇಳಲಿಲ್ಲ. ಅವಳದನ್ನು ಹೇಳಲು ನಾನು ಯಾರು? ಮೂಕಪ್ಪ ನಾಳೆಯೂ ಬರುತ್ತಾನೆ, ನಾಡಿದ್ದೂ ಬರುತ್ತಾನೆ, ಎಂದಾದರೂ ಅವಳೇ ಬಾಗಿಲು ತೆರೆದು ಹೇಳುತ್ತಾಳೆ ಎಂದು ಇಬ್ಬರೂ ಅಂದುಕೊಂಡೆವು.

ದೊರೆಗಳ ದೊಡ್ಡ ಯುದ್ಧ ಶುರುವಾದ ಮಾರನೆಯ ವರ್ಷ, ಚಳಿಜ್ವರ ಊರಿಗೆಲ್ಲ ಬಂತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಕೊಡ ಇರಲಿಲ್ಲ. ಯಲ್ಲಕ್ಕ ಸ್ವಲ್ಪ ಹೊತ್ತು ಆ ಖಾಲಿ ಜಾಗ ನೋಡಿದಳು. ಆಮೇಲೆ ಗಂಜಿ ಕಾಸಿ, ತಟ್ಟೆ ಮುಚ್ಚಿಕೊಂಡು, ತಾನು ಬಿಟ್ಟು ಬಂದ ಮನೆಗೆ ನಡೆದಳು. ಮೂಕಪ್ಪನಿಗೆ ಜ್ವರ ನೆತ್ತಿಗೇರಿತ್ತು. ಅವಳನ್ನು ನೋಡಿ, ದಾಟಲು ಬಂದ ಯಾರೋ ಎಂದುಕೊಂಡು, "ಕುಂದ್ರಿ, ಹೊಳಿ ತುಂಬೈತಿ, ನಡುವ ಕುಂದ್ರಿ" ಎಂದ. ಅವಳು, "ನಾನ್ರಿ, ನಾ ಬಂದೀನಿ" ಎಂದು ಮತ್ತೆ ಮತ್ತೆ ಹೇಳಿದಳು. ಅಷ್ಟು ವರ್ಷಗಳ ಮೇಲೆ ಆಡಿದ ಮಾತು ಅವನ ಕಿವಿಗೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಮುಗಿಯಿತು.

ಮಣ್ಣಿಗೆ ಹೊಸಪೇಟೆಯಿಂದ ಹೊಸ ಪಾದ್ರಿ ಬಂದರು. ಅಂಬಿಗರ ಓಣಿಯವರೂ ದೂರ ನಿಂತಿದ್ದರು, ನಾನೂ ನಿಂತಿದ್ದೆ. ಪೆಟ್ಟಿಗೆಯ ಮುಂದೆ ಪ್ರಾರ್ಥನೆ ಮುಗಿಸಿ ಪಾದ್ರಿ, ಈ ಸಹೋದರನ ಬಗ್ಗೆ ಯಾರಾದರೂ ಸಾಕ್ಷಿ ಹೇಳುವವರಿದ್ದರೆ ಹೇಳಬಹುದು ಅಂದರು. ಮುದುಕನಾಗಿದ್ದ ಅಂಜಿನಯ್ಯನ ಕಡೆಗೆ ಎಲ್ಲರೂ ನೋಡಿದರು. ಆದರೆ ಎದ್ದವಳು ಯಲ್ಲಕ್ಕ. ಅವಳು ಎಂದೂ ಸಭೆಯಲ್ಲಿ ಎದ್ದವಳಲ್ಲ. ಜನ ಹತ್ತಿರ ಸರಿದರು. ದ್ಯಾಮಕ್ಕನೂ ಕತ್ತು ಚಾಚಿದ್ದು ಕಂಡೆ. ಇಷ್ಟು ವರ್ಷ ಮುಚ್ಚಿಟ್ಟದ್ದು ಈಗ ಹೊರಗೆ ಬರುತ್ತದೆ, ಇವಳೂ ಅವನದೆಲ್ಲ ಹೇಳುತ್ತಾಳೆ ಎಂದು ಅವರ ಆಸೆ.

ಯಲ್ಲಕ್ಕ ಸೆರಗು ಸರಿ ಮಾಡಿಕೊಂಡು ಅಂದಳು: "ಇವರ ಬಗ್ಗೆ ನನಗ ಭಾಳ ಗೊತ್ತೈತ್ರಿ. ಯಾರಿಗೂ ಗೊತ್ತಿಲ್ಲದ್ದೂ ಗೊತ್ತೈತಿ. ನಾ ಒಂದೂ ಹೇಳಂಗಿಲ್ಲ."

ಹೇಳಿ ಕೂತಳು. ನನಗೂ ಅವಳು ಅವನದೇನನ್ನೂ ಇದುವರೆಗೆ ಹೇಳಿಲ್ಲ. ಅಂಜಿನಯ್ಯ ಮುಖ ಮುಚ್ಚಿಕೊಂಡು ಅತ್ತ. ಆ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದವನು ಒಬ್ಬನೇ ಒಬ್ಬ, ಅವನು ಪೆಟ್ಟಿಗೆಯೊಳಗೆ ಮಲಗಿದ್ದ.